ಹೊಗೆ ಬರೋದು ಸೀಲಿನಿಂದ, ವಯಸ್ಸಿನಿಂದಲ್ಲ

ಈ ಕಡೆ ತಲೆ ಹಾಕಿ ಬಹಳ ದಿನ ಆಯ್ತು, ಕ್ಷಮೆ ಇರಲಿ. ಇವತ್ತು ಬಂದಿರೋದು ಸಿಟ್ಟಿನಿಂದ. ಸಿಟ್ಟು ಬಂದಾಗ ಬರೆಯಬಾರದು ಅಂತ ತಿಳಿದವರು ಹೇಳ್ತಾರೆ. ಆದರೆ ಸಿಟ್ಟು ಇಳಿದ ಮೇಲೆ ನನಗೆ ಸೋಮಾರಿತನ ಬಂದುಬಿಡುತ್ತೆ. ಅದಕ್ಕೇ ಬಿಸಿ ಇರುವಾಗಲೇ ಕುಟ್ಟಿಬಿಡ್ತೀನಿ.

ಆಗಿದ್ದಿಷ್ಟು. ಕಳೆದ ವಾರ ಆಫೀಸಿನ ಕೆಳಗೆ ನಾಲ್ಕೈದು ಜನ ಟೀ ಕುಡಿಯುತ್ತಾ ನಿಂತಿದ್ದೆವು. ನನ್ನ ಉಗುರಿನ ಸಂದಿಯಲ್ಲಿ ಭಾನುವಾರದ ಗ್ರೀಸು ಇನ್ನೂ ಉಳಿದಿತ್ತು. ಸೋಪು, ಸೀಮೆಎಣ್ಣೆ, ನಿಂಬೆಹಣ್ಣು, ಯಾವುದಕ್ಕೂ ಬಗ್ಗಿರಲಿಲ್ಲ. ಅದನ್ನು ನೋಡಿದ ಸಹೋದ್ಯೋಗಿಯೊಬ್ಬ "ಏನೋ ಇದು?" ಅಂದ. ಯೆಜ್ಡಿ ರೋಡ್‌ಕಿಂಗ್ ಬಿಚ್ಚಿದ್ದೆ ಅಂದೆ. ಯಾವ ಮಾಡೆಲ್ಲು? 1987. ಅಷ್ಟು ಸಾಕಾಯ್ತು. "ಗುರೂ, ಇಂಥ ಗಾಡಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಬುಲ್ಡೋಜರ್ ಹತ್ತಿಸಬೇಕು. ನಿಮ್ಮ ಶೋಕಿಗೆ ಊರವರೆಲ್ಲ ಹೊಗೆ ಕುಡೀಬೇಕಾ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಸರಿಯಾದ ಉತ್ತರ ಹೊಳೆಯೋದು ಯಾವಾಗಲೂ ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ತಾನೇ?

ಈ ಬರಹ ಆ ಉತ್ತರ. ಆದರೆ ಅವನಿಗಿಂತ ಮುಂಚೆ ಇದೇ ಪ್ರಶ್ನೆಯನ್ನು ಇನ್ನೊಬ್ಬರು ಕೇಳಿದ್ದರು, ಅದೂ ಮರ್ಯಾದೆಯಿಂದ. ಅವರಿಂದಲೇ ಶುರುಮಾಡಬೇಕು.

*

ನಮ್ಮ ಮನೆ ಇರೋದು ಶ್ರೀನಗರದಲ್ಲಿ. ಬಸ್‌ಸ್ಟ್ಯಾಂಡಿನಿಂದ ಐದು ನಿಮಿಷ ನಡೆದರೆ ಬರುವ ಅಡ್ಡರಸ್ತೆ. ಚಿಕ್ಕ ಚಿಕ್ಕ ಸೈಟುಗಳು, ಮನೆಗಳು ಭುಜಕ್ಕೆ ಭುಜ ಕೊಟ್ಟು ನಿಂತಿವೆ. ನಮ್ಮ ಗೇಟಿಗೂ ಪಕ್ಕದ ಮನೆಯ ಅಡಿಗೆಮನೆ ಕಿಟಕಿಗೂ ಎಂಟಡಿ ದೂರ ಇದ್ದರೆ ಹೆಚ್ಚು. ಆ ಮನೆಯ ಆಂಟಿ ಯುಗಾದಿಗೆ ಹೋಳಿಗೆ ಕೊಡುವವರು, ಅಮ್ಮನಿಗೆ ಹುಷಾರಿಲ್ಲ ಅಂದರೆ ಸಾರು ಮಾಡಿ ಕಳಿಸುವವರು. ಹೋದ ವರ್ಷ ಅವರ ಮೊಮ್ಮಗ ಬಂದು ಇವರ ಜೊತೆಯೇ ಇರೋಕೆ ಶುರುಮಾಡಿದ. ನಾಲ್ಕು ವರ್ಷದ ಮಗು. ಅವನಿಗೆ ವೀಸಿಂಗ್ ಇದೆ.

ಒಂದು ಭಾನುವಾರ ನಾನು ಗಾಡಿ ಚಾಲೂ ಮಾಡಿದೆ. ಬೆಳ್ಳಗಿನ ಹೊಗೆ ನಮ್ಮ ಗೇಟಿನಿಂದ ಎದ್ದು ನೇರವಾಗಿ ಆ ಕಿಟಕಿಯೊಳಗೆ ಹೋಯಿತು. ಆಂಟಿ ಹೊರಗೆ ಬಂದರು. ಜಗಳ ಮಾಡಲಿಲ್ಲ. "ನೋಡಪ್ಪಾ, ನಿಮ್ಮ ತಂದೆ ಗಾಡಿ ಅಂತ ಇಷ್ಟು ದಿನ ಏನೂ ಅನ್ನಲಿಲ್ಲ. ಮಗೂಗೆ ಆಗಲ್ಲ" ಅಂದರು. ಅಷ್ಟೇ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅಮ್ಮ ಒಳಗೆ ಬಂದು "ಮಾರಿಬಿಡೋ, ಯಾರಿಗೆ ಬೇಕು ಈ ಪಾಪ" ಅಂದರು. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.

ಅಪ್ಪನ ವಿಷಯ ಒಂದೆರಡು ಮಾತು. ಮೈಸೂರು ರಸ್ತೆಯ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿದ್ದವರು. 1992ರಲ್ಲಿ ಈ ರೋಡ್‌ಕಿಂಗನ್ನು ಸೆಕೆಂಡ್ ಹ್ಯಾಂಡ್ ತಗೊಂಡರು. ನಾನು ಹುಟ್ಟಿದಾಗ ಆಸ್ಪತ್ರೆಯಿಂದ ಅಮ್ಮ ಆಟೋದಲ್ಲಿ ಬಂದರೆ, ಅಪ್ಪ ಆ ಆಟೋ ಹಿಂದೆ ಇದರಲ್ಲಿ ಬಂದರಂತೆ. ಈಗ ಅವರ ಮೊಣಕಾಲು ಹೋಗಿದೆ. ಯೆಜ್ಡಿ ಓಡಿಸಿದವರಿಗೆ ಗೊತ್ತು, ಅದರಲ್ಲಿ ಕಿಕ್ಕರ್ರೂ ಗೇರೂ ಒಂದೇ ಲಿವರ್. ಒಳಗೆ ಒತ್ತಿ ಮೇಲೆತ್ತಿದರೆ ಕಿಕ್ಕರ್, ಚಾಲೂ ಆದ ಮೇಲೆ ಮುಂದಕ್ಕೆ ಬಿಟ್ಟರೆ ಗೇರ್. ಅದನ್ನು ತುಳಿಯೋ ಶಕ್ತಿ ಅಪ್ಪನಿಗಿಲ್ಲ. ಹಾಗಾಗಿ ಗಾಡಿ ನನ್ನದಾಯ್ತು, ಅದರ ಹೊಗೆಯೂ.

*

ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಟು-ಸ್ಟ್ರೋಕ್ ಎಂಜಿನ್ನಿನ ಚಿತ್ರ ಬರೆದು, ಬಾಣದ ಗುರುತು ಹಾಕಿ, ಪರೀಕ್ಷೆಯಲ್ಲಿ ಪೂರ್ತಿ ಮಾರ್ಕ್ಸ್ ತಗೊಂಡವನು. ಆಮೇಲೆ ಎಲ್ಲರ ಹಾಗೆ ಸಾಫ್ಟ್‌ವೇರಿಗೆ ಬಂದೆ. ಹೊಗೆ ಯಾಕೆ ಬರುತ್ತೆ ಅಂತ ಯಾರಾದರೂ ಕೇಳಿದ್ದರೆ "ಹಳೇ ಗಾಡಿ ಅಲ್ವಾ, ಟು-ಸ್ಟ್ರೋಕ್ ಅಲ್ವಾ" ಅಂದುಬಿಡ್ತಿದ್ದೆ. ಅಂದರೆ ಆ ಸಹೋದ್ಯೋಗಿ ಹೇಳಿದ್ದನ್ನೇ ನಾನೂ ಹೇಳ್ತಿದ್ದೆ. ಇದನ್ನ ಗಮನಿಸಿ.

ಆವತ್ತು ಸಂಜೆ ಅಪ್ಪ ಎದ್ದು ಬಂದು ಗಾಡಿ ಪಕ್ಕ ಸ್ಟೂಲ್ ಹಾಕಿಕೊಂಡು ಕೂತರು. "ಗೇರ್ ಆಯಿಲ್ ಎಷ್ಟಿದೆ ನೋಡು" ಅಂದರು. ನೋಡಿದೆ, ಕಮ್ಮಿ ಇತ್ತು. ಎರಡು ತಿಂಗಳ ಹಿಂದೆ ತಾನೇ ತುಂಬಿಸಿದ್ದೆ. "ನೆಲದ ಮೇಲೆ ಹನಿ ಬಿದ್ದಿದೆಯಾ ನೋಡು." ಬಿದ್ದಿರಲಿಲ್ಲ. "ಹಾಗಾದರೆ ಎಣ್ಣೆ ಎಲ್ಲಿಗೆ ಹೋಯ್ತು?"

ನೋಡಿ, ಇದು ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಮೆಮೊರಿ ಲೀಕು. ಸರ್ವರಿನಲ್ಲಿ ಮೆಮೊರಿ ಕಮ್ಮಿ ಆಗ್ತಾ ಹೋದರೆ "ಸರ್ವರ್ ಹಳೇದಾಯ್ತು, ಎಸೀರಿ" ಅಂತ ನಾವು ಯಾರಾದರೂ ಹೇಳ್ತೀವಾ? ಎಲ್ಲಿ ಸೋರ್ತಿದೆ ಅಂತ ರಾತ್ರಿಯೆಲ್ಲ ಕೂತು ಹುಡುಕ್ತೀವಿ. ಅದಕ್ಕೇ ಸಂಬಳ ಕೊಡೋದು.

ಎಣ್ಣೆ ಹೋಗ್ತಿದ್ದದ್ದು ಎಂಜಿನ್ನಿನ ಒಳಕ್ಕೆ. ಟು-ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಹೋದಾಗ ಕ್ರ್ಯಾಂಕ್‌ಕೇಸಿನಲ್ಲಿ ಎಳೆತ ಹುಟ್ಟುತ್ತೆ. ಆ ಎಳೆತಕ್ಕೇ ಕಾರ್ಬ್ಯುರೇಟರಿನಿಂದ ಪೆಟ್ರೋಲೂ ಗಾಳಿಯೂ ಒಳಗೆ ಬರೋದು. ಯೆಜ್ಡಿಯಲ್ಲಿ ಎಡಗಡೆ ಕ್ಲಚ್ಚು, ಪ್ರೈಮರಿ ಚೈನು ಎಣ್ಣೆಯಲ್ಲಿ ಓಡುತ್ತವೆ. ಆ ಎಣ್ಣೆ ಕ್ರ್ಯಾಂಕ್‌ಕೇಸಿಗೆ ನುಗ್ಗದ ಹಾಗೆ ತಡೆಯೋದು ಒಂದು ರಬ್ಬರ್ ಸೀಲ್, ಅಷ್ಟೇ. ವರ್ಷಗಳು ಕಳೆದ ಹಾಗೆ ರಬ್ಬರ್ ಗಟ್ಟಿಯಾಗುತ್ತೆ, ಅಂಚು ಸವೆಯುತ್ತೆ. ಆಗ ಎಂಜಿನ್ನು ಪೆಟ್ರೋಲಿನ ಜೊತೆ ಗೇರ್ ಆಯಿಲನ್ನೂ ಎಳೆದುಕೊಂಡು ಕುಡಿಯುತ್ತೆ. ಕುಡಿದದ್ದೆಲ್ಲ ಸೈಲೆನ್ಸರಿನಿಂದ ಬೆಳ್ಳಗೆ ಹೊರಗೆ ಬರುತ್ತೆ. ಆಂಟಿಯ ಅಡಿಗೆಮನೆಗೆ ಹೋಗ್ತಿದ್ದದ್ದು ಇದು.

ಎರಡು ಭಾನುವಾರ ಹಿಡಿಯಿತು. ಎಡಗಡೆ ಕವರ್ ಬಿಚ್ಚಿ, ಎಣ್ಣೆ ಇಳಿಸಿ, ಕ್ಲಚ್ ತೆಗೆದು, ಸ್ಪ್ರಾಕೆಟ್ ಎಳೆಯೋಕೆ ಪುಲ್ಲರ್ ಬೇಕು ಅಂತ ಗೊತ್ತಾಗಿ ನಿಂತೆ. ಹನುಮಂತನಗರದ ಕಡೆ ಒಬ್ಬರು ವಯಸ್ಸಾದ ಮೆಕ್ಯಾನಿಕ್ ಇದ್ದಾರೆ. ಈಗ ಅಂಗಡಿ ಮುಚ್ಚಿದ್ದಾರೆ, ಆದರೆ ಟೂಲ್ಸ್ ಮಾರಿಲ್ಲ. ಅವರು ಪುಲ್ಲರ್ ಕೊಟ್ಟು "ಸುತ್ತಿಗೆಯಲ್ಲಿ ಮಾತ್ರ ಹೊಡೀಬೇಡ ಮಗಾ" ಅಂದರು. ಸೀಲ್ ಹುಡುಕಿಕೊಂಡು ಜೆ.ಸಿ. ರಸ್ತೆ ಅಲೆದೆ. ಮೂರನೇ ಅಂಗಡಿಯಲ್ಲಿ ಸಿಕ್ಕಿತು. ನಾವು ಆಫೀಸ್ ಕೆಳಗೆ ಕುಡಿಯೋ ಟೀ, ತಿನ್ನೋ ಬಜ್ಜಿಗೆ ಆಗುವಷ್ಟು ದುಡ್ಡು.

ಇನ್ನೂ ಒಂದು ತಪ್ಪು ಸಿಕ್ಕಿತು. ಅದು ನಮ್ಮದೇ. ಟು-ಸ್ಟ್ರೋಕಿಗೆ ಪೆಟ್ರೋಲಿನಲ್ಲಿ ಆಯಿಲ್ ಬೆರೆಸಬೇಕು. ಲೀಟರಿಗೆ 40 ಎಂ.ಎಲ್. ಧಾರಾಳ. ನಮ್ಮ ಮನೆಯಲ್ಲಿ "ಎಂಜಿನ್ನಿಗೆ ಒಳ್ಳೇದು" ಅಂತ ಕೈಯಳತೆಯಲ್ಲಿ ಸುರೀತಿದ್ವಿ. ಅಳೆದು ನೋಡಿದರೆ ಹತ್ತಿರ ಹತ್ತಿರ ಎರಡರಷ್ಟು ಹಾಕ್ತಿದ್ವಿ! ಕಾಫಿಗೆ ಸಕ್ಕರೆ ಹೆಚ್ಚು ಹಾಕಿದರೆ ಆರೋಗ್ಯಕ್ಕೆ ಒಳ್ಳೇದು ಅಂದ ಹಾಗೆ. ಕೆಮ್ಮಿನ ಔಷಧಿಯ ಖಾಲಿ ಅಳತೆ ಮುಚ್ಚಳ ಈಗ ಟ್ಯಾಂಕಿನ ಪಕ್ಕದಲ್ಲೇ ಇರುತ್ತೆ. ಸೈಲೆನ್ಸರ್ ಒಳಗಿನ ಬ್ಯಾಫಲ್ ಎರಡನ್ನೂ ಎಳೆದು, ವರ್ಷಗಟ್ಟಲೆ ಕಟ್ಟಿದ್ದ ಕರಿಯನ್ನು ಕೆರೆದು ತೆಗೆದೆ.

ಮೂರನೇ ಭಾನುವಾರ ಚಾಲೂ ಮಾಡಿದಾಗ ಆಂಟಿ ಕಿಟಕಿಯಲ್ಲೇ ನಿಂತಿದ್ದರು. "ವಾಸನೆ ಇದೆ. ಆದರೆ ಹೊಗೆ ಎಲ್ಲೋಯ್ತು?" ಅಂದರು. ವಾಸನೆ ಇದ್ದೇ ಇರುತ್ತೆ, ನಾನು ಸುಳ್ಳು ಹೇಳಲ್ಲ. ಅದಕ್ಕೇ ಈಗ ಗಾಡಿಯನ್ನು ರಸ್ತೆ ತುದಿಯವರೆಗೂ ತಳ್ಳಿಕೊಂಡು ಹೋಗಿ ಅಲ್ಲಿ ಕಿಕ್ ಮಾಡ್ತೀನಿ. ಮಗು ಗೇಟ್ ಹತ್ತಿರ ನಿಂತು ಟಾಟಾ ಮಾಡ್ತಾನೆ.

*

ಈಗ ವಾದಕ್ಕೆ ಬರ್ತೀನಿ. ಆ ಗಾಡಿಯ ವಯಸ್ಸು ಸೀಲ್ ಹಾಕುವ ಮೊದಲು ಎಷ್ಟಿತ್ತೋ ಹಾಕಿದ ಮೇಲೂ ಅಷ್ಟೇ ಇತ್ತು. ಬದಲಾಗಿದ್ದು ಹೊಗೆ. ಅಂದಮೇಲೆ ಹೊಗೆಗೆ ಕಾರಣ ವಯಸ್ಸಲ್ಲ, ರಿಪೇರಿ ಮಾಡದೇ ಬಿಟ್ಟದ್ದು. ಆದರೆ ನಮ್ಮ ಮಾತು, ನಮ್ಮ ಕಾನೂನು, ನಮ್ಮ ಶುಲ್ಕ ಎಲ್ಲವೂ ಎಣಿಸೋದು ವಯಸ್ಸನ್ನು. ಯಾಕೆಂದರೆ ವಯಸ್ಸು ಎಣಿಸೋದು ಸುಲಭ, ಆರ್‌ಸಿ ನೋಡಿದರೆ ಸಾಕು. ಸೀಲ್ ಎಲ್ಲಿ ಸೋರ್ತಿದೆ ಅಂತ ನೋಡೋಕೆ ಬಗ್ಗಬೇಕು, ಕೈ ಮಸಿ ಮಾಡಿಕೋಬೇಕು.

ದೆಹಲಿಯನ್ನು ನೋಡಿ. 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳಿಗೆ 2025ರ ಜುಲೈ 1ರಿಂದ ಬಂಕಿನಲ್ಲಿ ಇಂಧನವನ್ನೇ ಹಾಕಬಾರದು ಅಂತ ಶುರುಮಾಡಿದರು. ಜನ ಬೊಬ್ಬೆ ಹಾಕಿದ ಮೇಲೆ ಕೆಲವೇ ದಿನಗಳಲ್ಲಿ ಹಿಂದೆ ಸರಿದರು. ಗಾಡಿ ಹೇಗಿದೆ ಅಂತ ಯಾರೂ ಕೇಳಲಿಲ್ಲ, ಯಾವಾಗ ಹುಟ್ಟಿದ್ದು ಅಂತಷ್ಟೇ ಕೇಳಿದರು.

ನಮ್ಮಲ್ಲಿ ಆ ಮಟ್ಟಕ್ಕೆ ಹೋಗಿಲ್ಲ. 2021ರ ಗುಜರಿ ನೀತಿಯೂ ಖಾಸಗಿ ಗಾಡಿಗೆ ವಯಸ್ಸಾದ ಮಾತ್ರಕ್ಕೆ ಪುಡಿ ಮಾಡಿಸಿ ಅನ್ನುವುದಿಲ್ಲ, ಫಿಟ್‌ನೆಸ್ ಪರೀಕ್ಷೆ ನೋಡಿ ಅನ್ನುತ್ತೆ. ಅದು ನ್ಯಾಯ. ಆದರೆ ಶುಲ್ಕ ನೋಡಿ. ಬೈಕಿನ ನೋಂದಣಿ ನವೀಕರಣಕ್ಕೆ 300 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 1,000 ಆಯ್ತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಬೈಕಿಗೆ 2,000 ಆಯ್ತು, ಕಾರಿಗೆ 10,000. ದುಡ್ಡಿನ ಮಾತಲ್ಲ ಇದು, ಐದು ವರ್ಷಕ್ಕೊಮ್ಮೆ ಕೊಡಬಹುದು. ಪ್ರಶ್ನೆ ಏನಂದರೆ, ಸೀಲ್ ಬದಲಾಯಿಸಿದವನಿಗೂ ಬದಲಾಯಿಸದೇ ಇದ್ದವನಿಗೂ ಒಂದೇ ಶುಲ್ಕ. ಹಾಗಾದರೆ ಯಾವನಾದರೂ ಸೀಲ್ ಯಾಕೆ ಬದಲಾಯಿಸ್ತಾನೆ? ನಾನು ನವೀಕರಣಕ್ಕೆ ಹೋದಾಗ ಚಾಸಿಸ್ ನಂಬರಿನ ಮೇಲೆ ಪೆನ್ಸಿಲ್ ಉಜ್ಜಿ ಅಚ್ಚು ತಗೊಂಡರು. ಎಂಜಿನ್ ಚಾಲೂ ಮಾಡಿ ಅಂತ ಒಬ್ಬರೂ ಹೇಳಲಿಲ್ಲ.

ತಮಾಷೆ ಏನಂದರೆ, ಅಳೆಯುವ ಕಾನೂನು ಆಗಲೇ ಇದೆ! 2000ದ ಮಾರ್ಚ್ 31ರವರೆಗೆ ತಯಾರಾದ ಎರಡು ಚಕ್ರದ ಗಾಡಿಯ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 4.5ರೊಳಗೆ, ಹೈಡ್ರೋಕಾರ್ಬನ್ 9,000 ಪಿ.ಪಿ.ಎಂ. ಒಳಗೆ ಇರಬೇಕು. ಆಮೇಲೆ ಬಂದ ಟು-ಸ್ಟ್ರೋಕಿಗೆ 3.5 ಮತ್ತು 6,000. ಸರಿಯಾಗಿ ಅಳೆದರೆ ಸಾಕು. ಆದರೆ ಬೆಳ್ಳಗೆ ಹೊಗೆ ಕಾರುತ್ತಿದ್ದ ಕಾಲದಲ್ಲೂ ನನ್ನ ಗಾಡಿಗೆ ಎಮಿಷನ್ ಚೀಟಿ ಸಿಕ್ಕಿತ್ತು. ಹೇಗೆ? ಕೊಳವೆಯನ್ನು ಸೈಲೆನ್ಸರಿಗೆ ತೋರಿಸಿ, ನಂಬರ್ ಪ್ಲೇಟಿನ ಫೋಟೋ ಹೊಡೆದು ಕಳಿಸಿದರು. ನಾನೂ ಬಾಯಿಮುಚ್ಚಿಕೊಂಡು ದುಡ್ಡು ಕೊಟ್ಟು ಬಂದೆ. ಇದರಲ್ಲಿ ನನ್ನ ಪಾಲೂ ಇದೆ. ಈ ಸಲ ಬೇರೆ ಕಡೆ ಹೋಗಿ "ಪೂರ್ತಿ ಒಳಗೆ ಹಾಕಿ ನೋಡಿ" ಅಂದೆ. ಅವನು ನನ್ನನ್ನು ಹುಚ್ಚನನ್ನು ನೋಡಿದ ಹಾಗೆ ನೋಡಿದ. ಹಾಕಿದ. ಪಾಸಾಯ್ತು.

ಇನ್ನು ವಿಂಟೇಜ್ ನಿಯಮ. 2021ರಲ್ಲಿ ಬಂತು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ಬೇರೆ ನಂಬರ್ ಪ್ಲೇಟು. ಹೊಸದಾಗಿ ನೋಂದಾಯಿಸೋಕೆ 20,000 ರೂಪಾಯಿ. ಪ್ರದರ್ಶನ, ರ‍್ಯಾಲಿ, ರಿಪೇರಿ ಇಂಥದ್ದಕ್ಕಷ್ಟೇ ರಸ್ತೆಗೆ ತರಬಹುದು, ದಿನಾ ಓಡಿಸುವ ಹಾಗಿಲ್ಲ. ನನ್ನ ಗಾಡಿಗೆ 50 ತುಂಬೋದು 2037ಕ್ಕೆ. ಅಲ್ಲಿಯವರೆಗೂ ಅದು ಪರಂಪರೆಯೂ ಅಲ್ಲ, ಹೊಸದೂ ಅಲ್ಲ, ಬರೀ "ಹಳೇದು". 50 ಆಗುವವರೆಗೂ ಬೈದು, 50 ಆದ ಮೇಲೆ ಹಾರ ಹಾಕೋದು ಯಾವ ಲೆಕ್ಕ? ನಡುವಿನ ವರ್ಷಗಳಲ್ಲಿ ಯಾರೋ ಒಬ್ಬ ಗ್ರೀಸ್ ಹಚ್ಚಿಕೊಂಡು ಉಳಿಸಿದರೆ ತಾನೇ ಅದಕ್ಕೆ 50 ಆಗೋದು?

*

"ಅಂಥದ್ದೇನಿದೆ ಆ ತಗಡಿನಲ್ಲಿ?" ಅಂತ ಕೇಳಬಹುದು. ಹೇಳ್ತೀನಿ. ಅದು ಮೈಸೂರಿನದು. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯ್ತು, ಜಯಚಾಮರಾಜ ಒಡೆಯರ್ ಉದ್ಘಾಟಿಸಿದರು. ಮೂಲ ಜಾವಾ ಚೆಕ್ ದೇಶದ್ದು, 1929ರಲ್ಲಿ ಹುಟ್ಟಿದ್ದು. ಯಾನೆಚೆಕ್ ಅನ್ನುವವರ ಹೆಸರಿನ ಮೊದಲಕ್ಷರಗಳನ್ನೂ ವಾಂಡರರ್ ಕಂಪನಿಯ ಮೊದಲಕ್ಷರಗಳನ್ನೂ ಸೇರಿಸಿದರೆ ಜಾವಾ. 1973ರ ಹೊತ್ತಿಗೆ ನಮ್ಮವರು ಯೆಜ್ಡಿ ಅಂತ ಹೆಸರಿಟ್ಟರು. 1978ರಿಂದ ರೋಡ್‌ಕಿಂಗ್. 250 ಸಿಸಿ, ಒಂದು ಸಿಲಿಂಡರು, ಎರಡು ಸೈಲೆನ್ಸರು. ಮದ್ರಾಸಿನ ಹತ್ತಿರ ಶೋಳಾವರಂನ ರೇಸುಗಳಲ್ಲಿ ಯೆಜ್ಡಿಗಳು ಓಡಿದವು. ಸ್ಪೋರ್ಟ್ಸ್ ಕಾರ್ ಅನ್ನೋದು ಸಿನಿಮಾದಲ್ಲಷ್ಟೇ ಕಾಣುತ್ತಿದ್ದ ಕಾಲದಲ್ಲಿ, ಟರ್ನರ್ ಕೆಲಸದವನ ಕೈಗೆ ಎಟುಕುವ ಸ್ಪೋರ್ಟ್ಸ್ ಗಾಡಿ ಇದು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಅದೇ ಹೆಸರಿನ ಹೊಸ ಬೈಕು 2022ರಲ್ಲಿ ಬಂತು, ಆದರೆ ತಯಾರಾಗೋದು ಮಧ್ಯಪ್ರದೇಶದ ಪೀತಂಪುರದಲ್ಲಿ. ಎಂಜಿನ್ನೂ ಬೇರೆ. ನಮ್ಮ ಹಳೇ ಗಾಡಿಗೆ ಅದರ ಒಂದು ಸೀಲೂ ಆಗಿಬರಲ್ಲ.

ಅಂದರೆ ಕಾರ್ಖಾನೆ ಹೋಗಿ ಸುಮಾರು 30 ವರ್ಷ ಆದರೂ ಈ ಗಾಡಿ ಓಡ್ತಿದೆ ಅಂದರೆ ಅದಕ್ಕೆ ಕಾರಣ ಕಂಪನಿ ಅಲ್ಲ. ಜೆ.ಸಿ. ರಸ್ತೆಯ ಅಂಗಡಿಯವರು, ಕುಂಬಾರಗುಂಡಿಯ ಗುಜರಿಯಲ್ಲಿ ಹುಡುಕಿ ಕೊಡುವವರು, ಲೇತ್ ಇಟ್ಟುಕೊಂಡು ಬುಶ್ ಕಡೆದು ಕೊಡುವವರು, ಪುಲ್ಲರ್ ಮಾರದೇ ಇಟ್ಟುಕೊಂಡಿರೋ ಆ ಮೆಕ್ಯಾನಿಕ್. ಬಿಚ್ಚೋಕೆ ಬರುವ ಹಾಗೆ ಮಾಡಿದ ವಸ್ತುವಾದ್ದರಿಂದ ಉಳೀತು.

ಈಗ ನನ್ನ ಸಹೋದ್ಯೋಗಿಯ ಎಲೆಕ್ಟ್ರಿಕ್ ಸ್ಕೂಟರಿನ ಕಥೆ. ಎರಡೂವರೆ ವರ್ಷದ್ದು. ಮಳೆಗಾಲದಲ್ಲಿ ನಿಂತುಹೋಯ್ತು. ಯಾವುದೋ ಬೋರ್ಡು ಹೋಗಿದೆ, ರಿಪೇರಿ ಮಾಡಲ್ಲ, ಇಡೀ ಬೋರ್ಡ್ ಬದಲಾಯಿಸಬೇಕು ಅಂದರಂತೆ. ಸ್ಟಾಕ್ ಇಲ್ಲ ಅಂತ ಐದು ವಾರ ಕಾಯಿಸಿದರಂತೆ. ನಾನು ಎಲೆಕ್ಟ್ರಿಕ್ ಗಾಡಿಯ ವಿರೋಧಿ ಅಲ್ಲ. ದಿನಾ ಓಡಾಡೋಕೆ ಅದೇ ಸರಿ. 2001ರಲ್ಲೇ ಬೆಂಗಳೂರಿನಲ್ಲಿ ರೇವಾ ಮಾಡಿದ ಊರಿನವರು ನಾವು. ಆದರೆ ಬಿಚ್ಚೋಕೆ ಬಾರದ ಗಾಡಿ ಹತ್ತು ವರ್ಷಕ್ಕೆ ಕಸವಾದರೆ, ಇನ್ನೊಂದು ಹೊಸದನ್ನು ಮಾಡೋಕೆ ಬೇಕಾದ ಕಬ್ಬಿಣ, ತಾಮ್ರ, ಬ್ಯಾಟರಿಯ ಹೊಗೆ ಯಾರ ಕಿಟಕಿಗೆ ಹೋಗುತ್ತೆ? ನಮಗೆ ಕಾಣಲ್ಲ, ಅಷ್ಟೇ. ರಿಪೇರಿ ಹಕ್ಕಿನ ಪೋರ್ಟಲ್ ಅಂತ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಶುರುಮಾಡಿದೆ, ವಾಹನಗಳೂ ಅದರಲ್ಲಿ ಸೇರಿವೆ. ಒಳ್ಳೇದು. ಪೋರ್ಟಲ್ ಇದ್ದರೆ ಸಾಲದು, ಬಿಡಿಭಾಗ ಅಂಗಡಿಯಲ್ಲಿ ಸಿಗಬೇಕು.

*

ಇಷ್ಟು ಹೇಳಿ ನಿಲ್ಲಿಸಿದರೆ ನಮ್ಮ ಯೆಜ್ಡಿ ಬಳಗದವರು ಚಪ್ಪಾಳೆ ಹೊಡೀತಾರೆ. ಅದಕ್ಕೇ ಅವರಿಗೂ ಎರಡು ಮಾತು.

ಬ್ಯಾಫಲ್ ಕಿತ್ತು ಬಿಸಾಕಿ "ಸೌಂಡ್ ನೋಡು ಮಗಾ" ಅನ್ನೋರು ನೀವು ತಾನೇ? ಮಡ್‌ಗಾರ್ಡಿಗೆ ಕ್ರೋಮ್ ಹಾಕಿಸೋಕೆ ಸಾವಿರಾರು ರೂಪಾಯಿ ಇರುತ್ತೆ, ಸೀಲಿಗೆ ಇರಲ್ಲ. ವರ್ಷಕ್ಕೊಮ್ಮೆ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿಕೊಂಡು, ಹಿಂದೆ ಇಡೀ ರಸ್ತೆಗೆ ಮಂಜು ಕವಿಸಿಕೊಂಡು ಹೋಗೋದಕ್ಕೆ ಪ್ರೀತಿ ಅಂತ ಹೆಸರು. ಬುಲ್ಡೋಜರ್ ಅನ್ನೋ ಮಾತು ಹುಟ್ಟೋದು ನಿಮ್ಮ ಸೈಲೆನ್ಸರಿನಿಂದ. ಟು-ಸ್ಟ್ರೋಕ್ ಎಷ್ಟೇ ಚೆನ್ನಾಗಿದ್ದರೂ ಒಂದಷ್ಟು ಪೆಟ್ರೋಲು ಉರಿಯದೇ ಹೊರಗೆ ಹೋಗುತ್ತೆ. ಅದು ಅದರ ಹುಟ್ಟುಗುಣ, ಅದಕ್ಕೆ ಸೀಲ್ ಇಲ್ಲ. ಹಾಗಾಗಿ ನಾನು ವಾರದ ದಿನ ಬಸ್ಸು, ಮೆಟ್ರೋ ಹತ್ತುತ್ತೀನಿ. ಗಾಡಿ ಭಾನುವಾರಕ್ಕೆ ಮಾತ್ರ. ಉಳಿಸಿಕೊಳ್ಳೋ ಹಕ್ಕು ಬೇಕು ಅಂದರೆ ಈ ಮಟ್ಟಿಗಿನ ಶಿಸ್ತು ನಮಗೂ ಬೇಕು.

ಇನ್ನೊಂದು ಎಚ್ಚರಿಕೆ. ಈಗ ಬಂಕಿನಲ್ಲಿ ಸಿಗೋದು ಶೇ. 20 ಎಥನಾಲ್ ಬೆರೆತ ಪೆಟ್ರೋಲು. 2030ಕ್ಕೆ ಅಂತ ಇದ್ದ ಗುರಿಯನ್ನು 2025ಕ್ಕೇ ಎಳೆದುಕೊಂಡರು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತೆ, ಹಳೇ ರಬ್ಬರನ್ನು ಊದಿಸುತ್ತೆ. ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ನೀರು ಸೇರಿ ಎಥನಾಲ್ ಬೇರೆಯಾಗಿ ತಳಕ್ಕಿಳಿದರೆ, ಆ ಪದರದಲ್ಲಿ ನಾವು ಬೆರೆಸಿದ ಆಯಿಲ್ ಇರಲ್ಲ. ಕಾರ್ಬ್ಯುರೇಟರಿಗೆ ಮೊದಲು ಹೋಗೋದು ಅದೇ. ಪಿಸ್ಟನ್ ಜಾಮ್ ಆದ ಮೇಲೆ ಸರ್ಕಾರವನ್ನು ಬೈದು ಪ್ರಯೋಜನ ಇಲ್ಲ. ಪೈಪು ಬದಲಾಯಿಸಿ, ಓಡಿಸದೇ ಇದ್ದರೆ ಟ್ಯಾಂಕ್ ಖಾಲಿ ಮಾಡಿ. ಹಳೇ ಗಾಡಿ ಇಟ್ಟುಕೊಂಡವರಿಗೆ ಹೊಸ ಇಂಧನದ ಬಗ್ಗೆ ಬಂಕಿನಲ್ಲಿ ಒಂದು ಬೋರ್ಡಾದರೂ ಹಾಕಿ ಅಂತ ಕೇಳೋ ಹಕ್ಕು ಮಾತ್ರ ನಮಗಿದೆ.

*

ಕೊನೆಗೆ ನಾನು ಕೇಳೋದು ಇಷ್ಟೇ. ವಯಸ್ಸು ಎಣಿಸಬೇಡಿ, ಹೊಗೆ ಅಳೆಯಿರಿ. ಹೊಗೆ ಪರೀಕ್ಷೆಯ ಕೊಳವೆಯನ್ನು ನಿಜವಾಗಿ ಒಳಗೆ ಹಾಕಿ. ಪಾಸಾದವನಿಗೆ ಶುಲ್ಕ ಕಮ್ಮಿ ಮಾಡಿ, ಫೇಲಾದವನಿಗೆ ಜಾಸ್ತಿ ಮಾಡಿ, ಆಗ ನೋಡಿ ಎಷ್ಟು ಸೀಲ್ ಮಾರಾಟ ಆಗುತ್ತೆ ಅಂತ. ಪದೇ ಪದೇ ಫೇಲಾದರೆ ಪುಡಿ ಮಾಡಿಸಿ, ನನ್ನ ಗಾಡಿಯಾದರೂ ಸರಿ, ತಕರಾರಿಲ್ಲ.

ಇನ್ನು ನಮ್ಮಂಥ ಇಂಜಿನಿಯರುಗಳಿಗೆ. ನಾಲ್ಕು ವರ್ಷ ಓದಿದ ನಾನು ನೋಡಿದ್ದು "ಹಳೇ ಗಾಡಿ". ಎಸ್ಸೆಸ್ಸೆಲ್ಸಿ ಮುಗಿಸಿ ಲೇತ್ ಮುಂದೆ ನಿಂತ ಅಪ್ಪ ನೋಡಿದ್ದು "ಎಣ್ಣೆ ಎಲ್ಲಿಗೆ ಹೋಯ್ತು?" ಅಂತ. ಈ ವ್ಯತ್ಯಾಸ ನೆನಪಾದಾಗಲೆಲ್ಲ ನನಗೆ ನಾಚಿಕೆ ಆಗುತ್ತೆ. ನಿಮ್ಮ ಮನೆಯಲ್ಲೂ ಒಂದು ಹಳೇ ಮಿಕ್ಸಿ, ಫ್ಯಾನು, ಸ್ಕೂಟರು ಇರುತ್ತೆ. ಎಸೆಯೋ ಮುಂಚೆ ಒಂದು ಸಲ ಬಿಚ್ಚಿ ನೋಡಿ. ಬಿಚ್ಚೋಕೆ ಗೊತ್ತಿಲ್ಲದಿದ್ದರೆ ಮನೆಯ ಹಿರಿಯರನ್ನು ಪಕ್ಕದಲ್ಲಿ ಸ್ಟೂಲ್ ಹಾಕಿ ಕೂರಿಸಿಕೊಳ್ಳಿ.

ಆ ಸಹೋದ್ಯೋಗಿಗೆ ಈ ಬರಹದ ಕೊಂಡಿ ಕಳಿಸ್ತೀನಿ. ಓದಿ ಮುಗಿಸಿದರೆ ಮುಂದಿನ ಭಾನುವಾರ ಶ್ರೀನಗರಕ್ಕೆ ಬರಲಿ. ಬಲಗಡೆ ಪಾಯಿಂಟ್ ಸೆಟ್ ಮಾಡೋದಿದೆ, ಟಾರ್ಚ್ ಹಿಡಿಯೋಕೆ ಒಬ್ಬರು ಬೇಕು :) ಅಮ್ಮ ಅಕ್ಕಿರೊಟ್ಟಿ ಮಾಡ್ತಾರೆ.

ನಿಮ್ಮ ಮನೆಯ ಹಳೇ ಗಾಡಿ ಈಗ ಎಲ್ಲಿದೆ? ಮಾರಿದ್ರಾ, ಇಟ್ಟುಕೊಂಡಿದ್ದೀರಾ? ಬರೆದು ತಿಳಿಸಿ. ಯಾರ ಹತ್ತಿರವಾದರೂ ರೋಡ್‌ಕಿಂಗಿನ ಎಡಗಡೆ ಕವರಿನ ಗ್ಯಾಸ್ಕೆಟ್ ಇದ್ದರಂತೂ ಖಂಡಿತ ತಿಳಿಸಿ.